ಮುಂದಿನ ವಿಡಿಯೊವನ್ನು ಆರಿಸುವ ಲೆಕ್ಕ

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಈಚೆಗೆ ಒಂದು ಗುಮಾನಿ ಆಗಾಗ ಕೇಳಿಬರುತ್ತದೆ. ಮರ ಹತ್ತಿ ಔಷಧಿ ಹೊಡೆಯುವವರು ಸಿಗುತ್ತಿಲ್ಲ, ಈ ಸಲ ನೆಲದಲ್ಲೇ ನಿಂತು ಔಷಧಿ ಹೊಡೆಯಲು ಬರುವ ಕಾರ್ಬನ್ ಫೈಬರ್ ದೋಟಿಯನ್ನೇ (ಉದ್ದನೆಯ ಕೋಲು) ಕೊಳ್ಳುವುದು ವಾಸಿ ಎಂದು ರಾತ್ರಿ ಊಟದ ಹೊತ್ತಿಗೆ ಮಾತಾಡಿಕೊಂಡರೆ, ಬೆಳಗಾಗುವಷ್ಟರಲ್ಲಿ ಫೋನಿನ ತುಂಬ ದೋಟಿಯದೇ ವಿಡಿಯೊಗಳು. ಅಂದಮೇಲೆ ಫೋನು ನಮ್ಮ ಮಾತನ್ನು ಕದ್ದು ಕೇಳುತ್ತಿರಲೇಬೇಕು ಎಂಬುದು ಆ ಗುಮಾನಿ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17 ಸಾವಿರಕ್ಕೂ ಹೆಚ್ಚು ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಬಳಕೆದಾರರಿಗೆ ತಿಳಿಯದಂತೆ ಮೈಕ್ ಚಾಲೂ ಮಾಡಿ ಮಾತನ್ನು ಹೊರಗೆ ಸಾಗಿಸುತ್ತಿದ್ದ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಪರದೆಯ ಮೇಲೆ ನಡೆಯುವುದನ್ನು ಸದ್ದಿಲ್ಲದೆ ಚಿತ್ರೀಕರಿಸಿ ಕಳಿಸುತ್ತಿದ್ದುದು ಮಾತ್ರ ಸಿಕ್ಕಿಬಿತ್ತು.

ದೋಟಿಯ ವಿಷಯದಲ್ಲಿ ಕದ್ದು ಕೇಳುವ ಅಗತ್ಯವೇ ಬೀಳುವುದಿಲ್ಲ. ಮುಂಗಾರು ಹತ್ತಿರವಾಗುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಸುತ್ತಮುತ್ತ ಬಹಳಷ್ಟು ಬೆಳೆಗಾರರು ಮಳೆಗಾಲದಲ್ಲಿ ಅಡಿಕೆ ಕಾಯಿಗೆ ತಗಲುವ ಕೊಳೆರೋಗದ ವಿಡಿಯೊ ನೋಡುತ್ತಾರೆ, ಅವರಲ್ಲಿ ಕೆಲವರು ಅದರ ಬೆನ್ನಿಗೇ ದೋಟಿಯ ವಿಡಿಯೊವನ್ನೂ ನೋಡುತ್ತಾರೆ. ನೀವು ಕೊಳೆರೋಗದ ವಿಡಿಯೊವನ್ನು ಕೊನೆಯವರೆಗೆ ನೋಡಿದ್ದರೆ ಸಾಕು, ನಿಮಗೂ ದೋಟಿ ಬೇಕಾಗಬಹುದು ಎಂದು ಊಹಿಸುವುದಕ್ಕೆ ನಿಮ್ಮ ಊಟದ ಮನೆಯ ಮಾತು ಬೇಡ. ಆ ಮಾತು ನಿಮ್ಮ ಮನೆಯಲ್ಲಿ ಹುಟ್ಟಿದ್ದೂ ಅದೇ ಋತುವಿನಿಂದ, ಅದೇ ತೊಂದರೆಯಿಂದ. ಮಾತಾಡಿಯೂ ವಿಡಿಯೊ ಬಾರದ ಹತ್ತಾರು ಸಂಗತಿಗಳು ಯಾರ ನೆನಪಿನಲ್ಲೂ ಉಳಿಯುವುದಿಲ್ಲ ಎಂಬುದೂ ಇದರಲ್ಲಿ ಸೇರಿದೆ.

ಒಬ್ಬರಂತೆ ನಡೆದುಕೊಳ್ಳುವ ಇನ್ನೊಬ್ಬರನ್ನು ಹುಡುಕಿ, ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರಿಗೆ ತೋರಿಸುವ ಈ ವಿಧಾನ ಹೊಸದಲ್ಲ. 1994ರಲ್ಲಿ ಗ್ರೂಪ್‌ಲೆನ್ಸ್ ಎಂಬ ಯೋಜನೆ ಅಂತರ್ಜಾಲದ ಹಳೆಯ ಚರ್ಚಾವೇದಿಕೆ ಯೂಸ್‌ನೆಟ್‌ನ ಬರಹಗಳಿಗೆ ಇದನ್ನು ಅಳವಡಿಸಿತ್ತು. ಅಲ್ಲಿ ಓದುಗರು ಪ್ರತಿ ಬರಹಕ್ಕೂ ಒಂದರಿಂದ ಐದರವರೆಗೆ ತಾವೇ ಅಂಕ ಕೊಡಬೇಕಿತ್ತು. ಇಂದಿನ ಸಾಮಾಜಿಕ ಜಾಲತಾಣಗಳು ಅಂಕಕ್ಕಾಗಿ ಕಾಯುವುದಿಲ್ಲ. ಎಷ್ಟು ಸೆಕೆಂಡು ನಿಂತಿರಿ, ಎಲ್ಲಿ ಬೆರಳು ಸರಿಸಿ ಮುಂದೆ ಹೋದಿರಿ, ಮತ್ತೆ ಹಿಂದಕ್ಕೆ ಬಂದು ನೋಡಿದಿರಾ, ಯಾರಿಗೆ ಕಳಿಸಿದಿರಿ, ಯಾವ ಕಮೆಂಟನ್ನು ತೆರೆದಿರಿ, ಈ ಎಲ್ಲವೂ ನೀವು ಕೊಟ್ಟ ಅಂಕವೆಂದೇ ದಾಖಲಾಗುತ್ತವೆ. ಕೇಳಿ ಪಡೆಯುತ್ತಿದ್ದ ಅಭಿಪ್ರಾಯದ ಜಾಗಕ್ಕೆ ಗಮನಿಸಿ ಪಡೆಯುವ ಸುಳಿವು ಬಂದದ್ದೇ ಈ ಇಡೀ ವ್ಯವಸ್ಥೆಯ ಮೂಲದಲ್ಲಿರುವ ಬದಲಾವಣೆ ಎಂದು ನನ್ನ ಎಣಿಕೆ. ಏಕೆಂದರೆ ಒಂದು ವಿಡಿಯೊದ ಮುಂದೆ ನಿಂತದ್ದಕ್ಕೂ ಅದನ್ನು ಮೆಚ್ಚಿದ್ದಕ್ಕೂ ಇರುವ ವ್ಯತ್ಯಾಸ ಇಂಥ ದಾಖಲೆಯಲ್ಲಿ ಸುಲಭವಾಗಿ ಅಳಿಸಿಹೋಗುತ್ತದೆ.

ಫೇಸ್‌ಬುಕ್‌ನ ಚರಿತ್ರೆಯಲ್ಲಿ ಈ ಬೆಳವಣಿಗೆಯ ಹೆಜ್ಜೆಗಳು ಸ್ಪಷ್ಟವಾಗಿ ಕಾಣುತ್ತವೆ. 2006ರಲ್ಲಿ ನ್ಯೂಸ್ ಫೀಡ್ ಬಂತು, 2009ರಲ್ಲಿ ಲೈಕ್ ಗುಂಡಿ ಬಂತು. 2010ರ ಹೊತ್ತಿಗೆ ಕಂಪನಿಯು ಎಡ್ಜ್‌ರ‍್ಯಾಂಕ್ ಎಂಬ ಸೂತ್ರವನ್ನು ಬಹಿರಂಗವಾಗಿ ವಿವರಿಸಿತು. ಬರೆದವರಿಗೂ ನೋಡುವವರಿಗೂ ಇರುವ ಒಡನಾಟ, ಲೈಕ್, ಕಮೆಂಟ್, ಹಂಚಿಕೆ ಮುಂತಾದ ಒಂದೊಂದು ಕ್ರಿಯೆಗೂ ಇರುವ ತೂಕ, ಪೋಸ್ಟ್ ಎಷ್ಟು ಹಳೆಯದು ಎಂಬ ಮೂರು ಸಂಗತಿಗಳನ್ನು ಗುಣಿಸಿ ಕೂಡಿಸುವ ಸೂತ್ರವದು, ಒಂದು ಹಾಳೆಯಲ್ಲಿ ಬರೆದು ಮುಗಿಸಬಹುದಾದಷ್ಟು ಸರಳ. ಮುಂದೆ ಅದರ ಜಾಗವನ್ನು ದತ್ತಾಂಶದಿಂದ ತಾವೇ ಕಲಿಯುವ ಯಂತ್ರಕಲಿಕೆಯ ಮಾದರಿಗಳು ತೆಗೆದುಕೊಂಡವು. ಆದರೂ ಆ ಹಳೆಯ ಸೂತ್ರದ ‘ತೂಕ’ ಎಂಬ ಅಂಶ ಮಾತ್ರ ಉಳಿದುಕೊಂಡಿದೆ, ಅದರ ಕಡೆಗೆ ಆಮೇಲೆ ಬರೋಣ.

ಈಗಿನ ವ್ಯವಸ್ಥೆಗಳು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಕೆಲಸ ಮಾಡುತ್ತವೆ. ಯೂಟ್ಯೂಬ್‌ನ ಎಂಜಿನಿಯರ್‌ಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಅರಿಯಲು ಇಂದಿಗೂ ಒಳ್ಳೆಯ ದಾರಿ. ಮೊದಲ ಹಂತದಲ್ಲಿ ಲಕ್ಷಾಂತರ ವಿಡಿಯೊಗಳಿಂದ ನಿಮಗೆ ಹೊಂದಬಹುದಾದ ಕೆಲವು ನೂರನ್ನು ಹೆಕ್ಕಲಾಗುತ್ತದೆ. ಎರಡನೆಯ ಹಂತದಲ್ಲಿ ಆ ಕೆಲವು ನೂರಕ್ಕೆ ಮಾತ್ರ ಹೆಚ್ಚು ಸೂಕ್ಷ್ಮವಾದ ಲೆಕ್ಕ ಹಾಕಿ ಸಾಲಾಗಿ ಜೋಡಿಸಲಾಗುತ್ತದೆ. ಎಲ್ಲ ವಿಡಿಯೊಗಳಿಗೂ ಸೂಕ್ಷ್ಮ ಲೆಕ್ಕ ಹಾಕುತ್ತ ಕೂತರೆ ಪರದೆ ತೆರೆಯುವಷ್ಟರಲ್ಲಿ ಕೆಲಸ ಮುಗಿಯದು, ಆದ್ದರಿಂದ ಈ ವಿಭಜನೆ. ಮೊದಲ ಹಂತದಲ್ಲಿ ಪ್ರತಿ ವಿಡಿಯೊವನ್ನೂ 256 ಸಂಖ್ಯೆಗಳ ಒಂದು ಸಾಲಾಗಿ ಬರೆದುಕೊಂಡಿದ್ದೇವೆ ಎಂದು ಆ ಪ್ರಬಂಧ ಹೇಳುತ್ತದೆ. ಈ ಸಂಖ್ಯೆಗಳನ್ನು ಯಾರೂ ಕೂತು ಬರೆಯುವುದಿಲ್ಲ, ಜನ ಯಾವುದರ ಹಿಂದೆ ಯಾವುದನ್ನು ನೋಡಿದರು ಎಂಬುದರಿಂದ ಯಂತ್ರವೇ ಅವನ್ನು ಕಲಿಯುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ತಯಾರಿಸುವ ವಿಡಿಯೊವೂ ದೋಟಿಯ ವಿಡಿಯೊವೂ ಒಂದೇ ಬಗೆಯ ಜನ ನೋಡುವಂಥವಾದ್ದರಿಂದ ಅವುಗಳ ಸಂಖ್ಯೆಗಳು ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ. ನೀವು ಈಚೆಗೆ ನೋಡಿದ ವಿಡಿಯೊಗಳ, ಹುಡುಕಿದ ಪದಗಳ ಸಂಖ್ಯೆಗಳಿಂದ ನಿಮ್ಮದೂ ಒಂದು ಸಾಲು ಸಿದ್ಧವಾಗುತ್ತದೆ. ಆ ಸಾಲಿಗೆ ಹತ್ತಿರವಿರುವ ವಿಡಿಯೊಗಳು ಮೊದಲ ಆಯ್ಕೆಗೆ ಬೀಳುತ್ತವೆ.

ಇಲ್ಲಿ ಕನ್ನಡ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಈ ಲೆಕ್ಕಕ್ಕೆ ವಿಡಿಯೊದಲ್ಲಿ ಏನು ಹೇಳಿದೆ ಎಂಬುದು ಅರ್ಥವಾಗಲೇಬೇಕೆಂದಿಲ್ಲ. ಹವ್ಯಕ ಕನ್ನಡವಿರಲಿ, ಕುಂದಾಪುರದ ಕನ್ನಡವಿರಲಿ, ಭಾಷೆಯ ಒಂದಕ್ಷರ ತಿಳಿಯದೆಯೂ ಯಾರು ಎಷ್ಟು ಹೊತ್ತು ನೋಡಿದರು ಎಂಬುದರ ಬಲದಿಂದಲೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಸುಳ್ಳು, ದ್ವೇಷ, ಬೆದರಿಕೆಗಳನ್ನು ಗುರುತಿಸಿ ತಡೆಯುವ ವ್ಯವಸ್ಥೆಗಾದರೋ ಭಾಷೆ ಅರ್ಥವಾಗಲೇಬೇಕು, ವ್ಯಂಗ್ಯವೂ ತಿಳಿಯಬೇಕು, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಕನ್ನಡವೂ ತಿಳಿಯಬೇಕು. ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ 2021ರಲ್ಲಿ ಹೊರತಂದ ಫೇಸ್‌ಬುಕ್‌ನ ಒಳ ದಾಖಲೆಗಳಲ್ಲಿ, ಹಿಂದಿ ಮತ್ತು ಬಂಗಾಳಿಗೆ ಇಂಥ ಗುರುತಿಸುವ ವ್ಯವಸ್ಥೆ ಇಲ್ಲದ್ದರಿಂದ ಬಹಳಷ್ಟು ಆಕ್ಷೇಪಾರ್ಹ ಬರಹಗಳು ಕಣ್ಣಿಗೇ ಬೀಳುತ್ತಿಲ್ಲವೆಂದು ಕಂಪನಿಯವರೇ ಬರೆದುಕೊಂಡಿದ್ದರು. ಕೋಟ್ಯಂತರ ಜನರ ಆ ಭಾಷೆಗಳ ಪಾಡೇ ಹಾಗಿದ್ದಾಗ ಹರಡುವ ಯಂತ್ರ ಎಲ್ಲ ಭಾಷೆಗಳಲ್ಲೂ ಸಮಾನವಾಗಿ ಓಡುತ್ತದೆ, ತಡೆಯುವ ಯಂತ್ರ ಹಾಗಲ್ಲ ಎಂಬ ತೀರ್ಮಾನಕ್ಕೆ ಬರುವುದು ಅತಿಶಯವಾಗದು. ಮಂಗನ ಕಾಯಿಲೆಯ ಕಾಲದಲ್ಲಿ ಯಾರೋ ಒಬ್ಬರು ಲಸಿಕೆಯ ಬಗ್ಗೆ ಭಯ ಹುಟ್ಟಿಸುವ ವಿಡಿಯೊ ಹಾಕಿದರೆ, ಸೊರಬದಲ್ಲಿಯೋ ಸಾಗರದಲ್ಲಿಯೋ ಅದನ್ನು ಮನೆಮನೆಗೆ ಮುಟ್ಟಿಸುವ ಲೆಕ್ಕಕ್ಕೆ ಕನ್ನಡ ಬೇಕಾಗುವುದಿಲ್ಲ.

ಇನ್ನು ತೂಕದ ವಿಷಯ. ಎರಡನೆಯ ಹಂತದಲ್ಲಿ ಯಂತ್ರವು ಪ್ರತಿ ಪೋಸ್ಟಿಗೂ ಒಂದಷ್ಟು ಸಂಭಾವ್ಯತೆಗಳನ್ನು ಊಹಿಸುತ್ತದೆ. ನೀವು ಲೈಕ್ ಮಾಡುವ ಸಾಧ್ಯತೆ ಎಷ್ಟು, ಉತ್ತರ ಬರೆಯುವ ಸಾಧ್ಯತೆ ಎಷ್ಟು, ಹಂಚುವುದು, ‘ಆಸಕ್ತಿ ಇಲ್ಲ’ ಎನ್ನುವುದು, ದೂರು ಕೊಡುವುದು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಬಳಿಕ ಪ್ರತಿ ಸಂಭಾವ್ಯತೆಯನ್ನೂ ಅದಕ್ಕೆ ನಿಗದಿಯಾದ ತೂಕದಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಸಿಗುವುದೇ ಆ ಪೋಸ್ಟಿನ ಅಂಕ. ಊಹೆಯ ಭಾಗವನ್ನು ಯಂತ್ರ ದತ್ತಾಂಶದಿಂದ ಕಲಿಯುತ್ತದೆ. ತೂಕಗಳನ್ನು ನಿಗದಿ ಮಾಡುವವರು ಮನುಷ್ಯರು, ಕಂಪನಿಯ ಒಳಗಿನ ಸಭೆಗಳಲ್ಲಿ ಕೂತವರು. ಅಲ್ಗಾರಿದಮ್ ಹಾಗೆ ಮಾಡಿತು, ಹೀಗೆ ಮಾಡಿತು ಎಂದು ಮಳೆಗಾಲದ ಬಗ್ಗೆ ಮಾತಾಡುವ ಧಾಟಿಯಲ್ಲಿ ನಾವು ಮಾತಾಡುವಾಗ ಮರೆಯಾಗಿಬಿಡುವುದು ಈ ಸಂಗತಿಯೇ.

ಇಂಥ ತೂಕಗಳು ಹೊರಗಿನವರಿಗೆ ಕಾಣುವುದು ಅಪರೂಪ. 2023ರ ಮಾರ್ಚ್ 31ರಂದು ಟ್ವಿಟರ್ ತನ್ನ ಶಿಫಾರಸು ವ್ಯವಸ್ಥೆಯ ಬಹುಭಾಗವನ್ನು ಬಹಿರಂಗಪಡಿಸಿತು, ಅದಾದ ಕೆಲವೇ ದಿನಗಳಲ್ಲಿ ತೂಕಗಳ ಪಟ್ಟಿಯೂ ಹೊರಬಂತು. ಅದರಂತೆ ಲೈಕ್‌ಗೆ 0.5, ರೀಟ್ವೀಟ್‌ಗೆ 1, ಉತ್ತರಕ್ಕೆ 13.5, ಉತ್ತರ ಬಂದು, ಅದಕ್ಕೆ ಮೂಲ ಲೇಖಕರೂ ಸ್ಪಂದಿಸುವ ಸಾಧ್ಯತೆಗೆ 75. ‘ಆಸಕ್ತಿ ಇಲ್ಲ’ ಎನ್ನುವುದು, ಬ್ಲಾಕ್ ಮಾಡುವುದು ಮುಂತಾದವಕ್ಕೆ ಋಣ 74, ದೂರಿಗೆ ಋಣ 369.

ಈ ಸಂಖ್ಯೆಗಳನ್ನು ಹಿಡಿದು ಒಂದು ಲೆಕ್ಕ ಮಾಡಿ ನೋಡೋಣ. ಪೋಸ್ಟ್‌ಗಳೂ ಸಂಭಾವ್ಯತೆಗಳೂ ಕಾಲ್ಪನಿಕ, ತೂಕಗಳು ಮಾತ್ರ ನಿಜವಾದವು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಶೇ 1ರ ಬೋರ್ಡೊ ದ್ರಾವಣವನ್ನು ಸರಿಯಾಗಿ ತಯಾರಿಸುವ ಬಗೆಯನ್ನು ಒಬ್ಬ ಬೆಳೆಗಾರರು ಅಚ್ಚುಕಟ್ಟಾಗಿ ಬರೆದಿದ್ದಾರೆ ಎಂದುಕೊಳ್ಳಿ. ಓದುವವರಲ್ಲಿ ನೂರಕ್ಕೆ ಹತ್ತು ಮಂದಿ ಲೈಕ್ ಮಾಡುತ್ತಾರೆ, ಒಬ್ಬರು ಉತ್ತರ ಬರೆಯುತ್ತಾರೆ. ಅಂಕ 0.10 × 0.5, ಅಂದರೆ 0.05, ಅದಕ್ಕೆ 0.01 × 13.5, ಅಂದರೆ 0.135 ಕೂಡಿದರೆ ಒಟ್ಟು 0.185. ಇನ್ನೊಬ್ಬರು ಅಡಿಕೆ ಆಮದಿನ ಬಗ್ಗೆ ಯಾರನ್ನೋ ಬೈದು ಎರಡು ಸಾಲು ಗೀಚಿದ್ದಾರೆ. ಲೈಕ್ ಮಾಡುವವರು ನೂರಕ್ಕೆ ಮೂವರು ಮಾತ್ರ, ಆದರೆ ಜಗಳಕ್ಕೆ ಇಳಿಯುವವರು ನಾಲ್ವರು. ಅಂಕ 0.015 ಮತ್ತು 0.54 ಸೇರಿ 0.555, ಮೊದಲನೆಯದರ ಮೂರು ಪಟ್ಟು. ಮೆಚ್ಚಿದವರ ಎಣಿಕೆಯಲ್ಲಿ ಬಹಳ ಮುಂದಿದ್ದ ಬೋರ್ಡೊ ಪೋಸ್ಟು ಸಾಲಿನಲ್ಲಿ ಹಿಂದೆ ಬೀಳುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ಬೇರೊಂದು ಸತ್ಯ ಹೊರಬೀಳುತ್ತದೆ. ಬೈಗುಳದ ಪೋಸ್ಟನ್ನು ಕಂಡ ಇನ್ನೂರು ಜನರಲ್ಲಿ ಒಬ್ಬರು, ಅಂದರೆ ಶೇ 0.5ರಷ್ಟು ಮಂದಿ, ‘ಆಸಕ್ತಿ ಇಲ್ಲ’ ಎಂದು ಒತ್ತುವ ಸಾಧ್ಯತೆಯಿದೆ ಎಂದು ಯಂತ್ರ ಊಹಿಸಿತು ಎನ್ನೋಣ. 0.005ನ್ನು 74ರಿಂದ ಗುಣಿಸಿದರೆ 0.37; ಅದನ್ನು ಕಳೆದರೆ ಉಳಿಯುವುದು 0.185, ಬೋರ್ಡೊ ಪೋಸ್ಟಿನ ಅಂಕವೇ. ನೂರಕ್ಕೆ ನಾಲ್ವರ ಜಗಳದಿಂದ ಗಳಿಸಿದ ಮುನ್ನಡೆಯನ್ನು ಇನ್ನೂರರಲ್ಲಿ ಒಬ್ಬರು ಸದ್ದಿಲ್ಲದೆ ಒತ್ತಿದ ಗುಂಡಿ ಅಳಿಸಿಹಾಕುತ್ತದೆ. ಕೋಪಗೊಂಡು ಉತ್ತರ ಬರೆಯುವವರು ತಾವು ವಿರೋಧಿಸುವ ಪೋಸ್ಟನ್ನೇ ಮೇಲಕ್ಕೆ ತಳ್ಳುತ್ತಾರೆ ಎಂಬ ಮಾತು ಕೇವಲ ಉಪದೇಶವಲ್ಲ, ಅಂಕಗಣಿತವೇ ಅದನ್ನು ಹೇಳುತ್ತದೆ.

ಉತ್ತರಕ್ಕೆ ಲೈಕ್‌ನ 27 ಪಟ್ಟು ತೂಕವಿದ್ದುದರ ಹಿಂದೆ ಕೇಡಿನ ಉದ್ದೇಶವನ್ನೇ ಕಾಣಬೇಕಿಲ್ಲ. ಲೈಕ್ ಮಾಡುವವರು ಹೆಚ್ಚು, ಉತ್ತರ ಬರೆಯುವವರು ಬಹಳ ಕಡಿಮೆ. ಎರಡೂ ಸರಾಸರಿಯಲ್ಲಿ ಅಂಕಕ್ಕೆ ಹೆಚ್ಚುಕಡಿಮೆ ಸಮನಾದ ಪಾಲು ಕೊಡಲಿ ಎಂದು ಮೊದಲು ಹಾಗೆ ಇಟ್ಟಿದ್ದೆವೆಂದೂ, ಆಮೇಲೆ ಕಂಪನಿಯ ಗುರಿಗಳಿಗೆ ತಕ್ಕಂತೆ ಆಗಾಗ ತಿದ್ದಿದೆವೆಂದೂ ಆ ಪಟ್ಟಿಯ ಜೊತೆಗೇ ವಿವರಣೆಯಿತ್ತು. ಮೊದಲ ಕಾರಣ ಗಣಿತದ್ದು, ಎರಡನೆಯದು ವ್ಯಾಪಾರದ್ದು. ಈ ಕಂಪನಿಗಳ ಆದಾಯದ ಬಹುಪಾಲು ಜಾಹೀರಾತಿನಿಂದ ಬರುತ್ತದೆ, ಜಾಹೀರಾತಿಗೆ ಬೇಕಾದದ್ದು ಪರದೆಯ ಮುಂದೆ ಕಣ್ಣು. ಒಬ್ಬರು ಇಂದು ಎಷ್ಟು ಹೊತ್ತು ಇದ್ದರು, ನಾಳೆ ಮತ್ತೆ ಬಂದರೇ ಎಂಬ ಎರಡು ಅಳತೆಗಳ ಸುತ್ತಲೇ ತೂಕಗಳ ತಿದ್ದುಪಡಿ ನಡೆಯುತ್ತದೆ.

ಫೇಸ್‌ಬುಕ್‌ನಲ್ಲಿ ಇಂಥದೇ ತಿದ್ದುಪಡಿಯೊಂದು ಎಲ್ಲಿಗೆ ಮುಟ್ಟಿತೆಂಬುದು ದಾಖಲೆಯಲ್ಲಿದೆ. 2017ರಲ್ಲಿ ಪ್ರೀತಿ, ನಗು, ಅಚ್ಚರಿ, ದುಃಖ, ಕೋಪದ ಎಮೋಜಿಗಳಿಗೆ ಲೈಕ್‌ನ ಐದು ಪಟ್ಟು ತೂಕ ಕೊಡಲಾಯಿತು. 2018ರ ಜನವರಿಯಲ್ಲಿ ಮಾರ್ಕ್ ಜುಕರ್‌ಬರ್ಗ್, ಇನ್ನು ಮುಂದೆ ಜನರ ನಡುವಿನ ಅರ್ಥಪೂರ್ಣ ಸಂವಾದಕ್ಕೆ ಆದ್ಯತೆಯೆಂದು ಘೋಷಿಸಿದರು. ಕಮೆಂಟು, ಮರುಹಂಚಿಕೆಗಳ ತೂಕ ಏರಿತು. ಅರ್ಥಪೂರ್ಣ ಸಂವಾದವನ್ನು ಅಳೆಯುವ ಮಾಪಕ ಯಾರ ಬಳಿಯೂ ಇಲ್ಲದ್ದರಿಂದ ಕಮೆಂಟುಗಳ ಸಂಖ್ಯೆಯೇ ಅದರ ಜಾಗದಲ್ಲಿ ಕೂತಿತು. ಕೋಪದ ಎಮೋಜಿ ಹೆಚ್ಚು ಪಡೆಯುವ ಪೋಸ್ಟುಗಳಲ್ಲಿ ಸುಳ್ಳು ಸುದ್ದಿಯ, ವಿಷಕಾರುವ ಮಾತಿನ ಪ್ರಮಾಣ ಹೆಚ್ಚೆಂದು ಕಂಪನಿಯ ವಿಜ್ಞಾನಿಗಳೇ ಕಂಡುಕೊಂಡರು, ಹಂತಹಂತವಾಗಿ ಅದರ ತೂಕ ಇಳಿದು 2020ರ ಸೆಪ್ಟೆಂಬರ್‌ನಲ್ಲಿ ಸೊನ್ನೆಗೆ ಬಂತು. ಅಷ್ಟರೊಳಗೆ ಬರೆಯುವವರೂ ಬದಲಾಗಿದ್ದರು. ಪೋಲೆಂಡಿನ ಒಂದು ರಾಜಕೀಯ ಪಕ್ಷದ ಜಾಲತಾಣ ತಂಡ, ತಮ್ಮ ಪೋಸ್ಟುಗಳಲ್ಲಿ ಅರ್ಧದಷ್ಟಿದ್ದ ನಕಾರಾತ್ಮಕ ಮಾತು ಈ ಬದಲಾವಣೆಯ ನಂತರ ಶೇ 80ಕ್ಕೆ ಏರಿದೆ ಎಂದು ಅಂದಾಜಿಸಿದ್ದು ಕಂಪನಿಯ ಒಳ ವರದಿಯಲ್ಲೇ ದಾಖಲಾಗಿದೆ.

ಅಳತೆಗೋಲು ಗುರಿಯಾದೊಡನೆ ಅಳತೆಗೋಲಾಗಿ ಕೆಡುತ್ತದೆ ಎಂಬ, ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಇಲ್ಲಿ ಪ್ರತಿ ಹೆಜ್ಜೆಗೂ ಎದುರಾಗುತ್ತದೆ. ಯೂಟ್ಯೂಬ್ ಮೊದಲು ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದನ್ನು ಮುಂದಿಟ್ಟುಕೊಂಡಿತ್ತು, ಬಾಯಿ ತೆರೆದ ಮುಖಗಳ, ಒಳಗಿಲ್ಲದ್ದನ್ನು ತೋರಿಸುವ ಥಂಬ್‌ನೇಲ್‌ಗಳು ತುಂಬಿದವು. 2012ರಲ್ಲಿ ಅದು ವೀಕ್ಷಣೆಯ ಅವಧಿಗೆ ಆದ್ಯತೆ ಕೊಟ್ಟಿತು. ಹೇಳಬೇಕಾದ ಎರಡು ನಿಮಿಷದ ಮಾತನ್ನು ಹನ್ನೆರಡು ನಿಮಿಷಕ್ಕೆ ಎಳೆಯುವ ಕಲೆಯನ್ನು ಮುಂದೆ ವಿಡಿಯೊ ಮಾಡುವವರೆಲ್ಲ ಕಲಿತರು. ‘ಇವತ್ತಿನ ಅಡಿಕೆ ರೇಟು’ ಎಂಬ ತಲೆಬರಹದ ವಿಡಿಯೊಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ತಿಳಿಯಬೇಕಾದರೆ ಮೊದಲು ಪೀಠಿಕೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಎಂಬ ವಿನಂತಿ, ಕಳೆದ ವಾರದ ಕತೆ ಎಲ್ಲವನ್ನೂ ದಾಟಿ ಹೋಗಬೇಕಾಗುವುದಕ್ಕೆ ಕಾರಣ ಆ ಮನುಷ್ಯರ ಮಾತಿನ ಚಪಲವಷ್ಟೇ ಅಲ್ಲ. ದರವನ್ನು ಮೊದಲ ಹತ್ತು ಸೆಕೆಂಡಿನಲ್ಲಿ ಹೇಳಿಬಿಟ್ಟರೆ ನೋಡುವವರು ಹೊರಟುಹೋಗುತ್ತಾರೆ, ಹೊರಟುಹೋದದ್ದು ವಿಡಿಯೊ ಚೆನ್ನಾಗಿಲ್ಲ ಎಂಬ ಸುಳಿವಾಗಿ ದಾಖಲಾಗುತ್ತದೆ. ಕೆಲಸ ಬೇಗ ಮುಗಿಸಿಕೊಟ್ಟದ್ದಕ್ಕೆ ದಂಡ ತೆರಬೇಕಾದ ಪರಿಸ್ಥಿತಿ ಇದು. ಯೂಟ್ಯೂಬ್ ಮುಂದೆ ಬಳಕೆದಾರರನ್ನೇ ಸಮೀಕ್ಷೆಯ ಮೂಲಕ ಕೇಳಿ, ತೃಪ್ತಿಯ ಅಂದಾಜನ್ನೂ ಲೆಕ್ಕಕ್ಕೆ ಸೇರಿಸಿತು.

ರೀಲ್ಸ್‌ನ ಲೋಕದಲ್ಲಿ ಈ ಒತ್ತಡ ಸೆಕೆಂಡುಗಳಿಗೆ ಇಳಿದಿದೆ. ಭಾರತ ಸರ್ಕಾರ 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧಿಸಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಆರಂಭಿಸಿತು. ಇಲ್ಲಿ ನೀವು ಯಾರನ್ನು ಫಾಲೋ ಮಾಡುತ್ತೀರಿ ಎಂಬುದಕ್ಕಿಂತ ಹಿಂದಿನ ರೀಲಿನ ಮುಂದೆ ಎಷ್ಟು ನಿಂತಿರಿ ಎಂಬುದು ಮುಖ್ಯ. ಹಾಗಾಗಿ ಮೊದಲ ಮೂರು ಸೆಕೆಂಡಿನಲ್ಲಿ ಕಣ್ಣು ಹಿಡಿಯದ ಮಲೆನಾಡು ರೀಲ್ಸ್‌ನಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಜೋಗದ ನಾಲ್ಕು ಕವಲು, ಆಗುಂಬೆಯ ತಿರುವು, ಕೊಡಚಾದ್ರಿಯ ಮಂಜು ಇವೇ ಸುತ್ತಿ ಸುತ್ತಿ ಬರುತ್ತವೆ. ಕಮೆಂಟು ಗಳಿಸುವುದಕ್ಕೆ ಬೇಕೆಂದೇ ತಪ್ಪು ಹೇಳುವ ಉಪಾಯವೂ ಹಳತಾಗಿದೆ. ಜೋಗ ಜಲಪಾತ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ ಎಂದು ಒಂದು ರೀಲಿನಲ್ಲಿ ಹೇಳಿ ನೋಡಿ, ಸಾಗರದವರು ಸುಮ್ಮನಿರುತ್ತಾರೆಯೇ? ತಿದ್ದಲು ಬಂದ ಪ್ರತಿಯೊಬ್ಬರೂ ಆ ರೀಲಿಗೆ ಇನ್ನಷ್ಟು ಕಣ್ಣುಗಳನ್ನು ಒದಗಿಸಿಕೊಟ್ಟಿರುತ್ತಾರೆ.

ಹೊಸ ರೀಲಿನ ಬಗ್ಗೆ ಯಂತ್ರಕ್ಕೆ ಏನೂ ತಿಳಿದಿರುವುದಿಲ್ಲ. ಹೊಸ ಔಷಧಿಯನ್ನು ಇಡೀ ತೋಟಕ್ಕೆ ಹೊಡೆಯುವ ಮೊದಲು ನಾಲ್ಕು ಮರಕ್ಕೆ ಹೊಡೆದು ನೋಡುವಂತೆ, ಅದನ್ನು ಮೊದಲು ಒಂದು ಸಣ್ಣ ಗುಂಪಿಗೆ ತೋರಿಸಿ, ಅವರು ನಿಂತು ನೋಡಿದರೆ ಇನ್ನೂ ದೊಡ್ಡ ಗುಂಪಿಗೆ ದಾಟಿಸಲಾಗುತ್ತದೆ. ಒಳ್ಳೆಯ ರೀಲು ನೂರೈವತ್ತು ವೀಕ್ಷಣೆಗೇ ನಿಂತುಹೋಗುವುದೂ ಸಾಧಾರಣವಾದದ್ದು ಲಕ್ಷ ದಾಟುವುದೂ ಎಷ್ಟೋ ಸಲ ಈ ಮೊದಲ ಗುಂಪಿನಲ್ಲಿ ಯಾರಿದ್ದರು ಎಂಬ ಆಕಸ್ಮಿಕವನ್ನೇ ಅವಲಂಬಿಸಿರುತ್ತದೆ. ಪ್ರಯೋಗಗಳು ಜನರ ಮೇಲೂ ನಡೆಯುತ್ತವೆ. 2012ರ ಜನವರಿಯಲ್ಲಿ ಫೇಸ್‌ಬುಕ್ 6,89,003 ಬಳಕೆದಾರರ ಫೀಡ್‌ನಲ್ಲಿ ಸಂತಸದ ಅಥವಾ ಬೇಸರದ ಪೋಸ್ಟುಗಳನ್ನು ಕಡಿಮೆ ಮಾಡಿ ಅವರ ಬರಹ ಹೇಗೆ ಬದಲಾಗುತ್ತದೆಂದು ಪರೀಕ್ಷಿಸಿತ್ತು. ಬದಲಾವಣೆ ಅತ್ಯಲ್ಪ; 2014ರಲ್ಲಿ ಅದು ಪ್ರಕಟವಾದಾಗ ಎದ್ದ ಆಕ್ಷೇಪ ಮಾತ್ರ ಅಲ್ಪವಾಗಿರಲಿಲ್ಲ, ಪ್ರಯೋಗಕ್ಕೊಳಗಾದವರನ್ನು ಯಾರೂ ಕೇಳಿರಲಿಲ್ಲ.

ಆದರೂ ಎಲ್ಲ ಕೇಡನ್ನೂ ಶ್ರೇಯಾಂಕದ ಲೆಕ್ಕದ ತಲೆಗೇ ಕಟ್ಟುವುದು ನ್ಯಾಯವಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂಥ ಅಂಕದ ಸಾಲೇ ಇಲ್ಲ, ಬಂದ ಕ್ರಮದಲ್ಲೇ ಸಂದೇಶ ಕಾಣುತ್ತದೆ. ಸುಳ್ಳು ಅಲ್ಲಿಯೂ ಓಡುತ್ತದೆ, ಓಡಿಸುವವರು ನಾವೇ. ಅದಕ್ಕೇ ವಾಟ್ಸ್ಆ್ಯಪ್ 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದಿತು, 2020ರಲ್ಲಿ ಅತಿಯಾಗಿ ಹಂಚಿಕೆಯಾದ ಸಂದೇಶಗಳಿಗೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. 2020ರ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಕೆದಾರರ ಒಂದು ಗುಂಪಿಗೆ ಅಲ್ಗಾರಿದಮ್ ತೆಗೆದುಹಾಕಿ ಸಮಯದ ಕ್ರಮದ ಫೀಡ್ ಕೊಟ್ಟ ಪ್ರಯೋಗದ ಫಲಿತಾಂಶ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆ ಜನ ಅಲ್ಲಿ ಕಳೆಯುವ ಸಮಯ ಗಣನೀಯವಾಗಿ ಇಳಿಯಿತು, ರಾಜಕೀಯ ಧ್ರುವೀಕರಣ ಇಳಿಯಲಿಲ್ಲ, ನಂಬಲರ್ಹವಲ್ಲದ ಮೂಲಗಳ ಬರಹ ಕಾಣುವುದು ಹೆಚ್ಚಾಯಿತು. ಕೆಲವು ತಿಂಗಳ ಪ್ರಯೋಗದಿಂದ ಹಲವು ವರ್ಷಗಳ ಪರಿಣಾಮ ತಿಳಿಯದು ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆದರೆ ಮೊದಲ ಅಂಶ ಮಾತ್ರ ನಿಸ್ಸಂದೇಹ: ಲೆಕ್ಕವನ್ನು ತೆಗೆದರೆ ಜನ ಬೇಗ ಎದ್ದುಹೋಗುತ್ತಾರೆ, ಕಂಪನಿಗಳು ಅದನ್ನು ತಾವಾಗಿ ತೆಗೆಯದಿರುವುದಕ್ಕೆ ಅಷ್ಟು ಸಾಕು.

ಬಳಕೆದಾರರ ಕೈಯಲ್ಲಿರುವುದು ಸ್ವಲ್ಪವೇ. ಇನ್‌ಸ್ಟಾಗ್ರಾಂನಲ್ಲಿ 2022ರಿಂದ, ಫಾಲೋ ಮಾಡುವವರ ಪೋಸ್ಟುಗಳನ್ನಷ್ಟೇ ಸಮಯದ ಕ್ರಮದಲ್ಲಿ ನೋಡುವ ಅವಕಾಶವಿದೆ, ಆದರೆ ಆ್ಯಪ್ ತೆರೆದೊಡನೆ ಸಿಗುವುದು ಅಲ್ಗಾರಿದಮ್ ಜೋಡಿಸಿದ ಫೀಡೇ. ಯೂಟ್ಯೂಬ್‌ನಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಬಹುದು, ನಿಲ್ಲಿಸಲೂಬಹುದು. ಬೇಡದ್ದರ ಮೇಲೆ ‘ಆಸಕ್ತಿ ಇಲ್ಲ’ ಒತ್ತುವುದು ಬೈದು ಕಮೆಂಟ್ ಹಾಕುವುದಕ್ಕಿಂತ ಪರಿಣಾಮಕಾರಿ, ಕಾರಣವನ್ನು ಮೇಲಿನ ಲೆಕ್ಕದಲ್ಲಿ ಕಂಡಿದ್ದೇವೆ. ಯುರೋಪಿನ ಒಕ್ಕೂಟದಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆಯ 38ನೇ ವಿಧಿಯು, ಬಳಕೆದಾರರ ವೈಯಕ್ತಿಕ ವಿವರಗಳನ್ನು ಆಧರಿಸದ ಒಂದು ಫೀಡ್ ಆಯ್ಕೆಯನ್ನಾದರೂ ದೊಡ್ಡ ಜಾಲತಾಣಗಳು ಕೊಡಲೇಬೇಕೆಂದು 2023ರಿಂದ ಕಡ್ಡಾಯಗೊಳಿಸಿದೆ. ಬಳಸುವ ಮುಖ್ಯ ಮಾನದಂಡಗಳನ್ನೂ ಅವುಗಳಿಗೆ ಎಷ್ಟು ಪ್ರಾಮುಖ್ಯ ಎಂಬುದನ್ನೂ ಸರಳ ಮಾತಿನಲ್ಲಿ ತಿಳಿಸಬೇಕೆಂದು ಅದೇ ಕಾಯ್ದೆಯ 27ನೇ ವಿಧಿ ಹೇಳುತ್ತದೆ. ಭಾರತದಲ್ಲಿ ಈ ಎರಡರಲ್ಲಿ ಯಾವುದನ್ನೂ ಕಡ್ಡಾಯಗೊಳಿಸುವ ಕಾನೂನಿಲ್ಲ. ಶಿವಮೊಗ್ಗದಲ್ಲಿ ಕೂತವರು ಯಾವ ತೂಕಗಳ ಅಡಿಯಲ್ಲಿ ತಮ್ಮ ಮುಂದಿನ ವಿಡಿಯೊ ಆಯ್ಕೆಯಾಯಿತೆಂದು ಕೇಳಿದರೆ ಉತ್ತರಿಸುವ ಹೊಣೆ ಯಾವ ಕಂಪನಿಯ ಮೇಲೂ ಇಲ್ಲ.